ಮನೆ ಲೆಕ್ಕ: ಪಾಸು ಕೊಳ್ಳುವ ಮುನ್ನ ಒಂದು ಗಳಿಗೆ



ಹೊಸದುರ್ಗದ ಕಡೆಯಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಮಗ ಲಂಡನ್ನಿನಲ್ಲಿ ಕೆಲಸಕ್ಕೆ ಸೇರಿದ್ದಾನಂತೆ. ದಂಪತಿಗಳಿಬ್ಬರೂ ಹತ್ತು ದಿನದ ಮಟ್ಟಿಗೆ ಹೋಗಿಬರಲು ವಿಮಾನದ ಟಿಕೆಟ್ಟು ತೆಗೆಸಿಯಾಗಿದೆ. "ಅಲ್ಲಿ ರೈಲಿಗೆ, ಬಸ್ಸಿಗೆ ಅಂತ ಏನೇನೋ ಪಾಸುಗಳಿವೆಯಂತೆ. ಇಲ್ಲಿಂದಲೇ ಕೊಂಡು ಹೋದರೆ ಅಗ್ಗ ಅಂತಾರೆ. ಹೌದೇ? ನೀವು ಹೋಗಿಬಂದವರು, ಸ್ವಲ್ಪ ತಿಳಿಸಿ" ಎಂದು ಕೇಳಿದ್ದಾರೆ.

ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುವ ಈ ಪುಟದಲ್ಲಿ ಲಂಡನ್ನಿನ ರೈಲು ಎಲ್ಲಿಂದ ನುಗ್ಗಿತು ಎಂದು ಹುಬ್ಬೇರಿಸಬೇಡಿ. ಈಗ ನಮ್ಮಂಥ ಊರುಗಳಲ್ಲೂ ಬೀದಿಗೊಂದು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ. ಒಮ್ಮೆಯಾದರೂ ಹೋಗಿ ನೋಡಿಬರಬೇಕು ಎಂದು ಅಪ್ಪ ಅಮ್ಮ ಆಸೆಪಡುವುದು ಸಹಜ. ಊರು ಯಾವುದಾದರೇನು, ಗಂಟಿನಿಂದ ಬಿಚ್ಚಿ ಕೊಡುವ ದುಡ್ಡು ದುಡ್ಡೇ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಬರುವುದು ಕೂಡುವುದು, ಕಳೆಯುವುದು ಅಷ್ಟೇ. ಅಲ್ಲಿ ಬೇಕಾದದ್ದೂ ಅಷ್ಟೇ ಎಂದು ಹೋಗಿಬಂದ ಮೇಲೆ ಗೊತ್ತಾಯಿತು.

ನಾವು ಹೋದದ್ದು 2024ರ ಜುಲೈನಲ್ಲಿ. ಮಗಳು ಬರ್ಮಿಂಗ್‌ಹ್ಯಾಮಿನಲ್ಲಿ ಓದು ಮುಗಿಸಿದ್ದಳು, ಪದವಿ ಕೊಡುವ ಸಮಾರಂಭವಿತ್ತು. "ಅಮ್ಮಾ, ಎಲ್ಲರ ಅಪ್ಪ ಅಮ್ಮನೂ ಬರ್ತಾರೆ" ಎಂದು ಫೋನಿನಲ್ಲಿ ಒಂದೇ ಒಂದು ಸಲ ಅಂದಳು. ಒಂದೇ ಸಲ ಅಂದದ್ದಕ್ಕೇ ನನಗೆ ತಡೆಯಲಾಗಲಿಲ್ಲ. ಅವಳ ಓದಿಗೆ ತೆಗೆದ ಬ್ಯಾಂಕಿನ ಸಾಲದ ಕಂತು ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಗುತ್ತಿತ್ತು, ಈಗಲೂ ಹೋಗುತ್ತಿದೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾರಿ ಕಟ್ಟಿದ್ದ ನನ್ನ ಚೀಟಿಯ ಹಣ ಎತ್ತಿ ವಿಮಾನಕ್ಕೆ ಹಾಕಿದೆವು. ಉಳಿದದ್ದರಲ್ಲಿ ಒಂಬತ್ತು ದಿನ ಕಳೆಯಬೇಕಿತ್ತು.

ಹೊರಡುವ ಮುಂಚೆ ನಮ್ಮ ಸೀಮೆಯ ಏಜೆಂಟರೊಬ್ಬರು ಮನೆಗೆ ಬಂದು ಕೂತರು. ಕಾಫಿ ಕುಡಿದು, ಬಣ್ಣದ ಕಾಗದ ಬಿಡಿಸಿದರು. ಇಡೀ ದೇಶದ ರೈಲುಗಳಲ್ಲಿ ಓಡಾಡುವ ಪಾಸು ನಾಲ್ಕು ದಿನಕ್ಕೆ ಇಬ್ಬರಿಗೆ, ಲಂಡನ್ನಿನ ಒಳಗೆ ಓಡಾಡುವ ಏಳು ದಿನದ ಪಾಸು ಇಬ್ಬರಿಗೆ, ಎಲ್ಲ ಸೇರಿ ಐವತ್ತೆಂಟು ಸಾವಿರ. "ಅಕ್ಕಾ, ಒಂದು ಸಲ ಕೊಟ್ಟುಬಿಡಿ, ಆಮೇಲೆ ತಲೆನೋವೇ ಇಲ್ಲ" ಅಂದರು.

ನಮ್ಮವರು ಆಗಲೇ ತಲೆಯಾಡಿಸಿದ್ದರು. ಅವರ ತಪ್ಪಲ್ಲ ಬಿಡಿ. ಇಪ್ಪತ್ತೆರಡು ವರ್ಷ ತಿಪಟೂರಿನಿಂದ ತುಮಕೂರಿಗೆ ದಿನಾ ರೈಲಿನಲ್ಲಿ ಹೋಗಿಬಂದವರು ಅವರು. ತಿಂಗಳ ಪಾಸು ಜೇಬಿನಲ್ಲಿದ್ದರೆ ಅವರ ಗತ್ತೇ ಬೇರೆ. "ಪಾಸಿದ್ದವನು ರಾಜ" ಎಂಬುದು ಅವರ ಮಾತು. ನಾನು ಒಳಗಿನಿಂದ ಲೆಕ್ಕದ ಪುಸ್ತಕ ತಂದೆ. "ರೀ, ಆ ವರ್ಷ ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದ್ರಲ್ಲ, ಆ ತಿಂಗಳು ಪಾಸು ಮಾಡಿಸಿದ್ರಾ?" ಎಂದು ಕೇಳಿದೆ. "ಹೋಗದೇ ಇರೋ ರೈಲಿಗೆ ಯಾರಾದ್ರೂ ಪಾಸು ಮಾಡಿಸ್ತಾರೇನೇ?" ಅಂದರು. ಅಂದು ಸುಮ್ಮನಾದರು. ಏಜೆಂಟರಿಗೆ "ನಾಳೆ ಹೇಳ್ತೀವಿ" ಎಂದು ಕಳಿಸಿದೆವು.

ಸೋದರಿಯರೇ, ಪಾಸಿನ ಗುಟ್ಟೆಲ್ಲ ಆ ಒಂದು ಮಾತಿನಲ್ಲೇ ಇದೆ. ಪಾಸು ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ನೀವು ಎಷ್ಟು ಸಲ ಹತ್ತಿ ಇಳಿಯುತ್ತೀರಿ ಎಂಬುದರ ಮೇಲೆ ಅದರ ಬೆಲೆ. ಅದಕ್ಕೇ ಮೊದಲು ಪಾಸಿನ ಕಾಗದ ನೋಡಬೇಡಿ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು ಗೀಚಿ. ಯಾವ ದಿನ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಬಿಡಿ ಟಿಕೆಟ್ಟಿನ ಬೆಲೆ ಪಕ್ಕದಲ್ಲಿ ಹಾಕಿ ಕೂಡಿ. ಆಮೇಲೆ ಪಾಸಿನ ಬೆಲೆ ಪಕ್ಕಕ್ಕಿಡಿ. ಉತ್ತರ ತಾನಾಗಿ ಕಾಣುತ್ತದೆ.

ನಮ್ಮ ಹಾಳೆ ಹೀಗಿತ್ತು. ಶನಿವಾರ ಇಳಿಯುವುದು. ಭಾನುವಾರ, ಸೋಮವಾರ ಲಂಡನ್. ಮಂಗಳವಾರ ಬರ್ಮಿಂಗ್‌ಹ್ಯಾಮಿಗೆ. ಬುಧವಾರ ಸಮಾರಂಭ. ಗುರುವಾರ ವಾಪಸ್ಸು. ಶುಕ್ರವಾರ, ಶನಿವಾರ ಲಂಡನ್. ಭಾನುವಾರ ರಾತ್ರಿ ವಿಮಾನ. ದೊಡ್ಡ ರೈಲು ಹತ್ತುವುದು ಎರಡೇ ಸಲ, ಹೋಗುವಾಗ ಒಂದು, ಬರುವಾಗ ಒಂದು. ನಾಲ್ಕು ದಿನದ ದೇಶದ ಪಾಸು ಯಾತಕ್ಕೆ ಹೇಳಿ?

ದೊಡ್ಡ ರೈಲಿನ ಲೆಕ್ಕ

ದೇಶವೆಲ್ಲ ಓಡಾಡುವ ಆ ಪಾಸಿಗೆ ಬ್ರಿಟ್‌ರೈಲ್ ಎಂದು ಹೆಸರು. ಬ್ರಿಟನ್ನಿನವರಿಗೆ ಅದು ಸಿಗುವುದಿಲ್ಲ, ಹೊರಗಿನಿಂದ ಬರುವವರಿಗೆ ಮಾತ್ರ. ದಿನಕ್ಕೊಂದು ಊರಿನಂತೆ ಎಡಿನ್‌ಬರೊ, ಯಾರ್ಕ್, ಬಾತ್, ಕಾರ್ಡಿಫ್ ಎಂದು ಸುತ್ತುವವರಿಗೆ, ಮನಸ್ಸು ಬಂದಾಗ ರೈಲು ಹತ್ತಬೇಕು ಎನ್ನುವವರಿಗೆ ಅದು ಒಳ್ಳೆಯದೇ. ಆದರೆ ಲಂಡನ್ನಿನ ಸುರಂಗ ರೈಲಿನಲ್ಲಿ ಅದು ನಡೆಯುವುದಿಲ್ಲ. ಇದು ಎಷ್ಟೋ ಜನಕ್ಕೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ.

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಲು ದಾರಿ ಒಂದೇ ಅಲ್ಲ. ಯೂಸ್ಟನ್ ನಿಲ್ದಾಣದಿಂದ ವೇಗದ ರೈಲು ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಅದೇ ನಿಲ್ದಾಣದಿಂದ ನಿಂತು ನಿಂತು ಹೋಗುವ ರೈಲು ಎರಡು ಗಂಟೆಯ ಮೇಲೆ. ಮ್ಯಾರಿಲಬೋನ್ ಎಂಬ ಇನ್ನೊಂದು ನಿಲ್ದಾಣದಿಂದ ಮೂರ್ ಸ್ಟ್ರೀಟಿಗೆ ಹೋಗುವುದು ಒಂದು ಮುಕ್ಕಾಲು ಗಂಟೆಯ ಆಸುಪಾಸು. ಕಂಪನಿಗಳು ಬೇರೆ ಬೇರೆ, ದರಗಳೂ ಬೇರೆ. ನಮ್ಮಲ್ಲಿ ಎಕ್ಸ್‌ಪ್ರೆಸ್ಸು, ಪ್ಯಾಸೆಂಜರು ಇದ್ದ ಹಾಗೆ ಅನ್ನಿ. ನಿಧಾನದ ರೈಲಿಗೆ ಸಾಮಾನ್ಯವಾಗಿ ಕಡಿಮೆ.

ಅಲ್ಲಿ ಇನ್ನೊಂದು ರೂಢಿ ಇದೆ. ಕೆಲವು ವಾರ ಮೊದಲೇ ತೆಗೆಸಿದರೆ ಅಗ್ಗದ ಮುಂಗಡ ಟಿಕೆಟ್ಟು ಸಿಗುತ್ತದೆ. ಹೊರಡುವ ದಿನ ಕೌಂಟರಿಗೆ ಹೋದರೆ ಅದೇ ಸೀಟಿಗೆ ಬಹಳ ಹೆಚ್ಚು ಕೊಡಬೇಕಾದೀತು. ನಮ್ಮ ಹುಡುಗಿ ಮುಂಚೆಯೇ ತೆಗೆಸಿದಳು. ಮ್ಯಾರಿಲಬೋನ್ ದಾರಿಯಲ್ಲಿ ಇಬ್ಬರಿಗೂ ಹೋಗಿಬರಲು ಒಟ್ಟು 64 ಪೌಂಡು. ಆಗ ಪೌಂಡಿಗೆ ಸುಮಾರು 107 ರೂಪಾಯಿ. ಆರು ಸಾವಿರದ ಎಂಟುನೂರ ಐವತ್ತು ಆಯಿತು. ಏಜೆಂಟರ ಪಾಸೆಲ್ಲಿ, ಇದೆಲ್ಲಿ!

ಒಂದು ಎಚ್ಚರಿಕೆ. ಮುಂಗಡ ಟಿಕೆಟ್ಟು ಆ ಒಂದು ರೈಲಿಗೆ ಮಾತ್ರ. ನಮ್ಮ ತಪ್ಪಿನಿಂದ ರೈಲು ತಪ್ಪಿತೋ, ಹೊಸ ಟಿಕೆಟ್ಟೇ ಗತಿ. ಸೀರೆ ನೆರಿಗೆ ಸರಿಮಾಡುತ್ತಾ ಕೂರುವವರು ಒಂದು ಗಂಟೆ ಮೊದಲೇ ಹೊರಡಿ.

ಗಂಡ ಹೆಂಡತಿ ಜೋಡಿಯಾಗಿ ಹೋಗುವವರಿಗೆ ‘ಟೂ ಟುಗೆದರ್’ ಎಂಬ ರಿಯಾಯಿತಿ ಕಾರ್ಡೂ ಉಂಟು. ಹೊರದೇಶದವರೂ ತೆಗೆದುಕೊಳ್ಳಬಹುದು. ಇಬ್ಬರ ಫೋಟೋ ಬೇಕು, ಇಬ್ಬರೂ ಒಟ್ಟಿಗೇ ಪ್ರಯಾಣ ಮಾಡಬೇಕು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ ನಡೆಯುವುದಿಲ್ಲ. ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಬಿಡುತ್ತಾರೆ. ನಾವು ಹೋದಾಗ ಅದರ ಬೆಲೆ 30 ಪೌಂಡು. ಮಗಳು "ತೆಗೆದುಬಿಡ್ಲಾ ಅಮ್ಮಾ?" ಅಂದಳು. ನಾನು ಬೆರಳು ಮಡಿಸಿದೆ. ಮೂರರಲ್ಲಿ ಒಂದು ಪಾಲು ಉಳಿಯಬೇಕಾದರೆ 90 ಪೌಂಡಿನ ಟಿಕೆಟ್ಟು ಕೊಂಡರೆ ಕಾರ್ಡಿನ ಅಸಲು. ಅದಕ್ಕೂ ಮೇಲೆ ಕೊಂಡರೆ ಲಾಭ. ನಮ್ಮದು 64. ಉಳಿಯುವುದು 21, ಕೊಡುವುದು 30. ಬೇಡ ಅಂದೆ. ಸ್ಕಾಟ್ಲೆಂಡಿಗೂ ಹೋಗುವ ಯೋಚನೆ ಇದ್ದಿದ್ದರೆ ಬೇಕು ಅನ್ನುತ್ತಿದ್ದೆ. 2025ರಲ್ಲಿ ಆ ಕಾರ್ಡಿನ ಬೆಲೆ 35 ಪೌಂಡಾಯಿತು. ಹಾಗಾದರೆ ಅಸಲು ಹುಟ್ಟುವುದು 105ಕ್ಕೆ. ಈ ಲೆಕ್ಕಕ್ಕೆ ಏಜೆಂಟರು ಬೇಕೇ?

ಊರೊಳಗಿನ ಲೆಕ್ಕ

ಲಂಡನ್ನನ್ನು ಬಳೆಯೊಳಗೆ ಬಳೆ ಇಟ್ಟ ಹಾಗೆ ವಲಯಗಳಾಗಿ ವಿಂಗಡಿಸಿದ್ದಾರೆ. ನಟ್ಟನಡುವಿನದು ಒಂದನೇ ವಲಯ. ನೋಡುವ ಜಾಗಗಳು ಬಹುಪಾಲು ಅಲ್ಲೇ. ಹೀತ್ರೂ ವಿಮಾನ ನಿಲ್ದಾಣ ಆರನೇ ವಲಯ. ನಾವು ರೂಮು ಹಿಡಿದ ಹ್ಯಾಮರ್‌ಸ್ಮಿತ್ ಎರಡನೇ ವಲಯದಲ್ಲಿದೆ. ಸುರಂಗ ರೈಲಿನಲ್ಲಿ ಎಷ್ಟು ವಲಯ ದಾಟಿದಿರೋ ಅದರ ಮೇಲೆ ದರ. ಬಸ್ಸಿಗೆ ವಲಯವಿಲ್ಲ, ಎಲ್ಲಿಗೆ ಹೋದರೂ ಒಂದೇ ದರ.

ಕಾರ್ಡನ್ನು ಗೇಟಿನ ಹಳದಿ ಗುಂಡಿಗೆ ತಾಗಿಸಿ ಒಳಗೆ ಹೋಗುವುದು, ಇಳಿದ ಕಡೆ ಮತ್ತೆ ತಾಗಿಸಿ ಹೊರಗೆ ಬರುವುದು. ಬೆಂಗಳೂರಿನ ಮೆಟ್ರೋ ಕಂಡವರಿಗೆ ಹೊಸದೇನಲ್ಲ. ತಾಗಿಸಲು ಆಯ್ಸ್ಟರ್ ಎಂಬ ಅಲ್ಲಿನ ಕಾರ್ಡು ಆಗಬಹುದು, ಇಲ್ಲವೇ ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್ ಕಾರ್ಡು ಆಗಬಹುದು. ಎರಡಕ್ಕೂ ದರ ಒಂದೇ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ತಾಗಿಸಬೇಕು, ಇಳಿಯುವಾಗ ಬೇಡ. 2014ರ ಜುಲೈನಿಂದ ಲಂಡನ್ನಿನ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ನೋಟು ಹಿಡಿದು ನಿಂತರೆ ಕೆಳಗಿಳಿಸುತ್ತಾರೆ.

ಈಗ ಮುಖ್ಯವಾದ ಮಾತು. ಅಲ್ಲಿ ದಿನದ ಮಿತಿ ಎಂದೊಂದಿದೆ. ಇಡೀ ದಿನ ಎಷ್ಟೇ ಸಲ ಹತ್ತಿ ಇಳಿದರೂ ಒಂದು ಮೊತ್ತದ ಮೇಲೆ ಮುರಿಯುವುದಿಲ್ಲ. 2024ರಲ್ಲಿ ಒಂದು ಮತ್ತು ಎರಡನೇ ವಲಯಕ್ಕೆ ಅದು 8.50 ಪೌಂಡು. 2025ರ ಮಾರ್ಚಿನಲ್ಲಿ 8.90 ಆಯಿತು. ಮಿತಿ ಮುಟ್ಟಿದ ಮೇಲೆ ನಿಮ್ಮ ಕಾರ್ಡೇ ಪಾಸು! ಯಾರನ್ನೂ ಕೇಳಬೇಕಿಲ್ಲ, ಮೊದಲೇ ಕೊಳ್ಳಬೇಕಿಲ್ಲ. ಕಾಗದದ ಒಂದು ದಿನದ ಪಾಸು ಕೌಂಟರಿನಲ್ಲಿ ಸಿಗುತ್ತದೆ, ಆದರೆ ಅದರ ಬೆಲೆ ಈ ಮಿತಿಯ ಸುಮಾರು ಎರಡು ಪಟ್ಟು. ಗೊತ್ತಿಲ್ಲದವರು ಕೊಳ್ಳುತ್ತಾರೆ.

ನಮ್ಮ ಸೋಮವಾರದ ಲೆಕ್ಕ ಹೇಳುತ್ತೇನೆ, ಒಬ್ಬರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೊರಟೆವು, ಅದು ಜನದಟ್ಟಣೆಯ ಹೊತ್ತು, 3.40. ಹನ್ನೊಂದಕ್ಕೆ ನಡುವಿನ ವಲಯದಲ್ಲೇ ಇನ್ನೊಂದು ಕಡೆಗೆ, 2.70. ಮಧ್ಯಾಹ್ನ ಮತ್ತೊಂದು ಕಡೆಗೆ 2.70 ಆಗಬೇಕಿತ್ತು, ಆದರೆ ಮುರಿದದ್ದು 2.40 ಮಾತ್ರ, ಯಾಕೆಂದರೆ 8.50 ತುಂಬಿತು. ಸಂಜೆ ರೂಮಿಗೆ ಬಂದ ರೈಲು, ರಾತ್ರಿ ಹತ್ತಿದ ಬಸ್ಸು, ಎರಡೂ ಬಿಟ್ಟಿ. ವಾರದ ದಿನಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಏಳು ದಟ್ಟಣೆಯ ಹೊತ್ತು. ತಿಂಡಿ ನಿಧಾನವಾಗಿ ತಿಂದು ಒಂಬತ್ತೂವರೆಯ ಮೇಲೆ ತಾಗಿಸಿದರೆ ಆ 3.40ರ ಬದಲು 2.80 ಆಗುತ್ತಿತ್ತು. ಮಂಗಳವಾರ ಹಾಗೇ ಮಾಡಿದೆವು.

ವಾರದ ಮಿತಿಯೂ ಇದೆ. ಆ ವರ್ಷ ಎರಡು ವಲಯಕ್ಕೆ 42.70 ಪೌಂಡು. ಏಳು ದಿನದ ಪಾಸಿನ ಬೆಲೆಯೂ ಅಷ್ಟೇ. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ವಾರದ ಮಿತಿ ಸೋಮವಾರ ಶುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಪಾಸಾದರೆ ಯಾವ ದಿನದಿಂದ ಬೇಕಾದರೂ ಏಳು ದಿನ. ಯಾರಾದರೂ ಬುಧವಾರ ಇಳಿದು ಮುಂದಿನ ಮಂಗಳವಾರದವರೆಗೆ ಲಂಡನ್ನಿನಲ್ಲೇ ಇದ್ದು, ದಿನವೂ ಮಿತಿ ಮುಟ್ಟುವಷ್ಟು ಓಡಾಡುತ್ತಾರೆ ಎನ್ನಿ. ಬುಧವಾರದಿಂದ ಭಾನುವಾರ ಐದು ದಿನಕ್ಕೆ 42.50, ಮತ್ತೆ ಹೊಸ ವಾರದ ಎರಡು ದಿನಕ್ಕೆ 17, ಒಟ್ಟು 59.50. ಪಾಸಾಗಿದ್ದರೆ 42.70. ಒಬ್ಬರಿಗೆ 16.80 ಪೌಂಡು ಉಳಿಯಿತು. ಅಂಥವರು ಧಾರಾಳವಾಗಿ ಪಾಸು ಕೊಳ್ಳಲಿ. ಪಾಸನ್ನು ನಾನು ಸುಮ್ಮಸುಮ್ಮನೆ ಜರಿಯುತ್ತಿಲ್ಲ.

ನಮ್ಮದು ಹಾಗಲ್ಲ. ನಡುವೆ ಎರಡು ದಿನ ಊರಲ್ಲೇ ಇಲ್ಲ. ಮಂಗಳವಾರ, ಗುರುವಾರ ನಿಲ್ದಾಣಕ್ಕೆ ಹೋಗಿಬರುವ ಒಂದೊಂದು ಸವಾರಿ ಅಷ್ಟೇ. ಒಂಬತ್ತು ದಿನದಲ್ಲಿ ಮಿತಿ ಮುಟ್ಟಿದ್ದು ಆ ಸೋಮವಾರ ಒಂದೇ. ಪಾಸು ಕೊಂಡಿದ್ದರೆ ಎರಡು ವಲಯದ ಪಾಸಿನಲ್ಲಿ ಆರನೇ ವಲಯದ ವಿಮಾನ ನಿಲ್ದಾಣ ಸೇರುತ್ತಿರಲಿಲ್ಲ, ಅದಕ್ಕೆ ಬೇರೆ ತೆರಬೇಕಿತ್ತು. ಏಜೆಂಟರು ಇದನ್ನು ಹೇಳಿರಲಿಲ್ಲ.

ವಿಮಾನ ನಿಲ್ದಾಣದಿಂದ ಊರಿಗೆ ಮೂರು ರೈಲುಗಳಿವೆ. ಹೀತ್ರೂ ಎಕ್ಸ್‌ಪ್ರೆಸ್ಸು ಹದಿನೈದು ನಿಮಿಷದಲ್ಲಿ ಪ್ಯಾಡಿಂಗ್ಟನ್ನಿಗೆ ಮುಟ್ಟಿಸುತ್ತದೆ. ಅಲ್ಲೇ ಹೋಗಿ ಕೊಂಡರೆ ಆಗ ಒಬ್ಬರಿಗೆ 25 ಪೌಂಡು. 2022ರಲ್ಲಿ ಶುರುವಾದ ಎಲಿಜಬೆತ್ ಮಾರ್ಗದ್ದು ನಡುವಿನ ದರ. ಪಿಕಡಿಲಿ ಮಾರ್ಗದ ಸುರಂಗ ರೈಲು ಒಂದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಒಂದನೇ ವಲಯದವರೆಗೆ ಹೋದರೂ ಆಗ 5.60 ಮಾತ್ರ. ಹ್ಯಾಮರ್‌ಸ್ಮಿತ್ ಅದಕ್ಕೂ ಮೊದಲೇ ಸಿಗುವುದರಿಂದ ನಮಗೆ ಇನ್ನೂ ಕಡಿಮೆ ಆಯಿತು, ಪೆಟ್ಟಿಗೆ ಹೊತ್ತು ರೈಲು ಬದಲಾಯಿಸುವುದೂ ತಪ್ಪಿತು. ಹಾಗಾಗಿ ರೂಮು ಹಿಡಿಯುವಾಗ ಬರೀ ಬಾಡಿಗೆ ನೋಡಬೇಡಿ. ಯಾವ ವಲಯ, ಯಾವ ಮಾರ್ಗ ಎಂದೂ ಕೇಳಿ.

ಗೇಟಿನ ಆಚೆ, ಈಚೆ

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದು ಕಡೆ ಎಡವಿದೆ. ಅದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು.

ಮಗಳು ಫೋನಿನಲ್ಲಿ "ಅಮ್ಮಾ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು" ಎಂದು ಎರಡು ಸಲ ಹೇಳಿದ್ದಳು. ನಮ್ಮವರು "ನನ್ನ ಹತ್ರ ಬ್ಯಾಂಕಿನ ಕಾರ್ಡಿದೆಯಲ್ಲ, ಎರಡು ಸಲ ತಾಗಿಸಿದ್ರಾಯ್ತು" ಅಂದರು. ನಾನೂ ಹೌದಲ್ಲ ಅಂದುಕೊಂಡೆ. ಮದುವೆಯಾಗಿ ಇಪ್ಪತ್ತೇಳು ವರ್ಷ, ಬಸ್ಸಿನಲ್ಲಿ, ಸಿನಿಮಾದಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಬ್ಬರದನ್ನೂ ಅವರೇ ಕೊಟ್ಟು ಅಭ್ಯಾಸ.

ಹೀತ್ರೂವಿನಲ್ಲಿ ಅವರು ಕಾರ್ಡು ತಾಗಿಸಿದರು, ಗೇಟು ತೆರೆಯಿತು, ಪೆಟ್ಟಿಗೆ ಎಳೆದುಕೊಂಡು ಆಚೆ ಹೋದರು. ಕೈ ಚಾಚಿ ನನಗಾಗಿ ಮತ್ತೆ ತಾಗಿಸಿದರು. ಕೆಂಪು ದೀಪ ಹತ್ತಿತು. ಇನ್ನೊಂದು ಸಲ, ಮತ್ತೆ ಕೆಂಪು. ಹಿಂದೆ ಜನ ಸೇರಿದರು. ನಾನು ಪಕ್ಕಕ್ಕೆ ಸರಿದು ನಿಂತೆ. ಪಾಸ್‌ಪೋರ್ಟು ಎರಡೂ ಅವರ ಸೊಂಟದ ಚೀಲದಲ್ಲಿ. ಫೋನು ಅವರ ಜೇಬಿನಲ್ಲಿ. ದುಡ್ಡು ಅವರ ಹತ್ತಿರ. ರೂಮಿನ ವಿಳಾಸ ಬರೆದ ಚೀಟಿಯೂ ಅವರ ಹತ್ತಿರ. ನನ್ನ ಕೈಚೀಲದಲ್ಲಿ ಇದ್ದದ್ದು ಚಟ್ನಿಪುಡಿ, ಹುರಿದವಲಕ್ಕಿ, ಒಂದು ಕರ್ಚೀಫು. ಆ ಕ್ಷಣದಲ್ಲಿ ಹೊಟ್ಟೆಯೊಳಗೆ ಆದದ್ದನ್ನು ಹೇಳಲಾರೆ. ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಊರಿನವರ ಹಾಲಿನ ಲೆಕ್ಕ, ಚೀಟಿಯ ಲೆಕ್ಕ ತಿದ್ದುವವಳ ಸೆರಗಿನಲ್ಲಿ ಒಂದು ಕಾಸೂ ಇರಲಿಲ್ಲ!

ಅಲ್ಲಿ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು ಬಂದು, ಕೈ ಹಿಡಿದು ಮೆಷಿನ್ನಿನ ಹತ್ತಿರ ಕರೆದೊಯ್ದಳು. ನಮ್ಮವರು ಗೇಟಿನ ಮೇಲಿಂದಲೇ ಮೂವತ್ತು ಪೌಂಡು ಚಾಚಿದರು. ಏಳು ಪೌಂಡು ಆಯ್ಸ್ಟರ್ ಕಾರ್ಡಿನ ಬೆಲೆ, ಅದು ವಾಪಸ್ಸು ಬರುವುದಿಲ್ಲ. ಉಳಿದ 23 ಕಾರ್ಡಿನೊಳಗೆ. 2025ರ ಸೆಪ್ಟೆಂಬರಿನಿಂದ ಕಾರ್ಡಿನ ಬೆಲೆ 10 ಪೌಂಡಾಗಿದೆ. ಆ ನೀಲಿ ಕಾರ್ಡನ್ನು ಆಕೆ ನನ್ನ ಕೈಗೇ ಕೊಟ್ಟಳು. ಕೊಟ್ಟು, ತಾಗಿಸು ಎಂದು ಸನ್ನೆ ಮಾಡಿದಳು. ತಾಗಿಸಿದೆ. ಹಸಿರು.

ರೈಲಿನಲ್ಲಿ ಕೂತ ಮೇಲೆ ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿ ಚೀಲ ತೆರೆದು, ನನ್ನ ಪಾಸ್‌ಪೋರ್ಟು, ವಿಳಾಸದ ಚೀಟಿ, ಐವತ್ತು ಪೌಂಡು ನನ್ನ ಕೈಗಿಟ್ಟರು. "ಇಟ್ಕೋ" ಅಂದರು. ನಾನೂ ಏನೂ ಅನ್ನಲಿಲ್ಲ. ಇಟ್ಟುಕೊಂಡೆ.

ಶುಕ್ರವಾರ ಅವರ ಕಾಲು ಊದಿಕೊಂಡಿತ್ತು. ಮಗಳು ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮಿನಲ್ಲೇ ಉಳಿದಿದ್ದಳು. "ಬಸವಣ್ಣನ ವಿಗ್ರಹ ನೋಡ್ಬೇಕು ಅಂತಿದ್ದೆಯಲ್ಲ, ಹೋಗಿ ಬಾ" ಅಂದರು. "ಒಬ್ಬಳೇನಾ?" ಅಂದೆ. "ಕಾರ್ಡಿದೆಯಲ್ಲ" ಅಂದರು.

ಹ್ಯಾಮರ್‌ಸ್ಮಿತ್‌ನಿಂದ 9ನೇ ನಂಬರಿನ ಬಸ್ಸು. ಮಹಡಿ ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಟ್ರಫಾಲ್ಗರ್ ಚೌಕದಲ್ಲಿ ಇಳಿದು, ಪಾರ್ಲಿಮೆಂಟಿನವರೆಗೆ ನಡೆದು, ಸೇತುವೆ ದಾಟಿ, ಥೇಮ್ಸ್ ಹೊಳೆಯ ದಂಡೆ ಹಿಡಿದು ಹೋದೆ. ಲ್ಯಾಂಬೆತ್ ಸೇತುವೆಯ ಆಚೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರಿದ್ದಾರೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ವಿಗ್ರಹ. 2015ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳು ಅನಾವರಣ ಮಾಡಿದರು. ಹೊಳೆ, ದೂರಕ್ಕೆ ಪಾರ್ಲಿಮೆಂಟು, ಎದುರಿಗೆ ನಮ್ಮ ಬಸವಣ್ಣ. ಬೆಂಚಿನ ಮೇಲೆ ಕೂತು ಅವಲಕ್ಕಿ ತಿಂದೆ. ದಾರಿ ಕೇಳುತ್ತಾ ಬಂದದ್ದು ನಾಲ್ಕು ಜನರನ್ನು, ಗೊತ್ತಿದ್ದ ಇಂಗ್ಲಿಷು ನಾಲ್ಕು ಮಾತು. ಸಾಕಾಯಿತು.

ಆ ದಿನದ ಖರ್ಚನ್ನೂ ಬರೆದಿಟ್ಟಿದ್ದೇನೆ. ಹೋದ ಬಸ್ಸು 1.75. ಬಂದ ಬಸ್ಸು 1.75. ಸಂಜೆ ತರಕಾರಿಗೆ ಹೋದದ್ದು 1.75. ಒಂದು ಗಂಟೆಯೊಳಗೆ ಮತ್ತೆ ಬಸ್ಸು ಹತ್ತಿದರೆ ದುಡ್ಡಿಲ್ಲ, ಹಾಗಾಗಿ ತರಕಾರಿ ಚೀಲದೊಂದಿಗೆ ವಾಪಸ್ಸು ಬಂದದ್ದು ಬಿಟ್ಟಿ. ಒಟ್ಟು 5.25. ಬರೀ ಬಸ್ಸಿಗೆ ಆ ವರ್ಷದ ದಿನದ ಮಿತಿಯೂ ಅದೇ 5.25. ಮಧ್ಯರಾತ್ರಿಯವರೆಗೆ ಸುತ್ತಿದ್ದರೂ ಇನ್ನೊಂದು ಪೆನ್ನಿ ಹೋಗುತ್ತಿರಲಿಲ್ಲ. ಮಂಡಿನೋವಿನವರಿಗೆ ಬಸ್ಸೇ ವಾಸಿ. ಸುರಂಗದ ಮೆಟ್ಟಿಲಿಲ್ಲ, ಊರೂ ಕಾಣುತ್ತದೆ.

ಹೊರಡುವ ಮುನ್ನ

ಹೊಸದುರ್ಗದ ಸೋದರಿಗೆ, ಇನ್ನು ಹೊರಡಲಿರುವವರಿಗೆ ಕೆಲವು ಮಾತು.

ನಮ್ಮ ಬ್ಯಾಂಕಿನ ಕಾರ್ಡನ್ನೇ ತಾಗಿಸುವವರು ಮೊದಲು ಬ್ಯಾಂಕಿಗೆ ಹೋಗಿ. ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ, ತಾಗಿಸಿ ಕೊಡುವ ಸೌಲಭ್ಯ ಎರಡೂ ಮುಚ್ಚಿರುತ್ತವೆ. ನಾವೇ ಕೇಳಿ ತೆರೆಸಬೇಕು. ಹೊರದೇಶದ ಖರ್ಚಿನ ಮೇಲೆ ಬ್ಯಾಂಕು ನೂರಕ್ಕೆ ಎಷ್ಟು ಹಿಡಿಯುತ್ತದೆ ಎಂದೂ ಕೇಳಿ. ಹೆಚ್ಚು ಹಿಡಿಯುವುದಾದರೆ ಆಯ್ಸ್ಟರ್ ಕೊಳ್ಳುವುದೇ ಮೇಲು.

ಬೆಳಿಗ್ಗೆ ಯಾವ ಕಾರ್ಡು ತಾಗಿಸಿದಿರೋ ದಿನವಿಡೀ ಅದನ್ನೇ ತಾಗಿಸಿ. ಹೋಗುವಾಗ ಒಂದು, ಬರುವಾಗ ಇನ್ನೊಂದು ಆದರೆ ಲೆಕ್ಕ ತಪ್ಪಿ, ಎರಡು ಕಾರ್ಡಿನಲ್ಲೂ ಗರಿಷ್ಠ ದರ ಮುರಿಯುತ್ತದೆ. ರೈಲಿನಿಂದ ಇಳಿದಾಗ ತಾಗಿಸಲು ಮರೆತರೂ ಅದೇ ದಂಡ. ಕೆಲವು ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಕಂಬ ಹುಡುಕಿ ತಾಗಿಸಬೇಕು.

ಮೊಮ್ಮಕ್ಕಳನ್ನು ಕರೆದೊಯ್ಯುವವರು ಕೇಳಿ. ಹನ್ನೊಂದು ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಸುರಂಗ ರೈಲು ಉಚಿತ. ಹನ್ನೊಂದರಿಂದ ಹದಿನೈದರವರಿಗೆ ಆಯ್ಸ್ಟರ್ ಕಾರ್ಡಿಗೆ ನಿಲ್ದಾಣದ ಸಿಬ್ಬಂದಿಯಿಂದ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಸಿದರೆ ಹದಿನಾಲ್ಕು ದಿನ ಅರ್ಧ ದರ. ಬ್ಯಾಂಕಿನ ಕಾರ್ಡಿಗೆ ಇದು ಸಿಗುವುದಿಲ್ಲ.

ದರಗಳು ಸಾಮಾನ್ಯವಾಗಿ ಮಾರ್ಚಿನಲ್ಲಿ ಬದಲಾಗುತ್ತವೆ. ನಾನು ಬರೆದ ಅಂಕಿಗಳನ್ನೇ ನಂಬಿ ಹೊರಡದೆ, ಮಗನಿಗೆ ಹೇಳಿ ಆ ವಾರದ ದರ ತರಿಸಿಕೊಳ್ಳಿ. ಅಂಕಿ ಬದಲಾದರೂ ಕೂಡುವ ಕಳೆಯುವ ಕ್ರಮ ಬದಲಾಗದು.

ಇನ್ನು ಒಟ್ಟು ಲೆಕ್ಕ. ದೊಡ್ಡ ರೈಲು 64 ಪೌಂಡು. ಲಂಡನ್ನಿನೊಳಗೆ ಕಾರ್ಡಿನ ಬೆಲೆ ಸೇರಿ ಇಬ್ಬರಿಗೂ 89ರ ಹತ್ತಿರ. ಒಟ್ಟು 153 ಪೌಂಡು, ಅಂದರೆ ಹದಿನಾರು ಸಾವಿರದ ನಾನೂರು ರೂಪಾಯಿಯ ಆಸುಪಾಸು. ಏಜೆಂಟರು ಹೇಳಿದ್ದು ಐವತ್ತೆಂಟು ಸಾವಿರ. ಉಳಿದದ್ದು ನಲವತ್ತೊಂದು ಸಾವಿರ ಚಿಲ್ಲರೆ. ಊರಿಗೆ ಬಂದ ವಾರವೇ ಮಗಳ ಸಾಲಕ್ಕೆ ಎರಡು ಕಂತು ಮುಂಗಡ ಕಟ್ಟಿದೆವು. ರಸೀದಿ ತೆಗೆದಿಟ್ಟಿದ್ದೇನೆ.

ನೀಲಿ ಕಾರ್ಡೂ ಇದೆ, ಬೀರುವಿನಲ್ಲಿ, ತಾಳಿಸರದ ಡಬ್ಬಿಯ ಪಕ್ಕ. ಅದರಲ್ಲಿ ಇನ್ನೂ ನಾಲ್ಕು ಪೌಂಡು ಚಿಲ್ಲರೆ ಉಳಿದಿದೆ. ಅದಕ್ಕೆ ವಾಯಿದೆ ಇಲ್ಲವಂತೆ. ಯಾವಾಗ ಹೋದರೂ ನಡೆಯುತ್ತದೆ.

ಹೊಸದುರ್ಗದ ಸೋದರೀ, ಲೆಕ್ಕವನ್ನು ನೀವು ಮಾಡಿ, ಯಜಮಾನರು ಮಾಡಲಿ, ಇಬ್ಬರೂ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಆದರೆ ನಿಮ್ಮ ಕಾರ್ಡು, ನಿಮ್ಮ ಪಾಸ್‌ಪೋರ್ಟು, ವಿಳಾಸದ ಚೀಟಿ ಮತ್ತು ಒಂದಿಷ್ಟು ದುಡ್ಡು ನಿಮ್ಮ ಕೈಚೀಲದಲ್ಲೇ ಇರಲಿ. ಚಟ್ನಿಪುಡಿಯ ಜೊತೆಗೆ ಅದಕ್ಕೂ ಜಾಗ ಮಾಡಿ. ಅಂದಹಾಗೆ ತುಪ್ಪ, ಹಾಲಿನ ಸಿಹಿ ಒಯ್ಯಬೇಡಿ, ಅಲ್ಲಿ ಬಿಡುವುದಿಲ್ಲ. ಹುರಿದವಲಕ್ಕಿ, ನಿಪ್ಪಟ್ಟು ಧಾರಾಳವಾಗಿ ಒಯ್ಯಿರಿ. ಮಗನಿಗೆ ನಮ್ಮೆಲ್ಲರ ಆಶೀರ್ವಾದ ಹೇಳಿ.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಹಪ್ಪಳ ಸಂಡಿಗೆಯ ಲೆಕ್ಕದೊಂದಿಗೆ ಮತ್ತೆ ಸಿಗೋಣ.